ಪಗಾರ ತಾಸಿಗೆ ಎಷ್ಟು ಬೀಳುತ್ತದೆ? ಆಫೀಸ್ ನೌಕರರು ಹಾಕಿ ನೋಡಬೇಕಾದ ಲೆಕ್ಕ

ಮನೆ ಕಟ್ಟಿಸುವಾಗ ಗೌಂಡಿಯವರ ಹತ್ತಿರ ಕೂಲಿ ಮಾತಾಡಿದರೆ ಎರಡು ವಿಷಯ ಒಟ್ಟಿಗೇ ಇತ್ಯರ್ಥವಾಗುತ್ತವೆ: ದಿನಕ್ಕೆ ಎಷ್ಟು, ಸಂಜೆ ಎಷ್ಟಕ್ಕೆ ಕೆಲಸ ಬಿಡುವುದು. ಕತ್ತಲಾಗುವ ತನಕ ಕೆಲಸ ನಡೆದರೆ ಅದಕ್ಕೆ ಬೇರೆ ದುಡ್ಡು. ಕೇಳುವವರಿಗೂ ಸಂಕೋಚವಿಲ್ಲ, ಕೊಡುವವರಿಗೂ ಇಲ್ಲ. ಆಫೀಸ್ ನೌಕರಿಯಲ್ಲಿ ಮಾತ್ರ ಎರಡನೆಯ ಮಾತು ಬಿಟ್ಟೇಹೋಗುತ್ತದೆ. "ಪಗಾರ ಎಷ್ಟೈತ್ರಿ?" ಎಂದರೆ ತಿಂಗಳ ಮೊತ್ತ ಹೇಳುತ್ತೇವೆ. ಅದು ಎಷ್ಟು ತಾಸಿನ ದುಡ್ಡು ಎಂದು ಹೇಳಿದವರಿಗೂ ಗೊತ್ತಿರುವುದಿಲ್ಲ.

ಈ ಲೆಕ್ಕ ಕಷ್ಟದ್ದಲ್ಲ. ಬೇಕಾಗುವುದು ಕಳೆದ ಮೂರು ತಿಂಗಳ ಪಗಾರ ಚೀಟಿ, ಅಪಾಯಿಂಟ್‌ಮೆಂಟ್ ಪತ್ರ, ಒಂದು ಚಿಕ್ಕ ನೋಟ್‌ಬುಕ್ಕು, ನಾಲ್ಕು ವಾರದ ತಾಳ್ಮೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಖಾಸಗಿ ಆಫೀಸುಗಳಲ್ಲಿ ಇರುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ: ಆಡಿಟರ್ ಕಚೇರಿ, ವಾಹನ ಡೀಲರ್‌ಗಳ ಅಕೌಂಟ್ಸ್ ವಿಭಾಗ, ಟ್ರಾನ್ಸ್‌ಪೋರ್ಟ್ ಆಫೀಸು, ಆಸ್ಪತ್ರೆಯ ಬಿಲ್ಲಿಂಗ್, ಕಂಪ್ಯೂಟರ್ ಮೇಲೆ ನಡೆಯುವ ಬ್ಯಾಕ್ ಆಫೀಸು. ಸರ್ಕಾರಿ ನೌಕರರಿಗೂ ಬ್ಯಾಂಕಿನವರಿಗೂ ರಜೆ-ಹೊತ್ತಿನ ನಿಯಮಗಳು ಬೇರೆ, ಆದರೆ ಭಾಗಾಕಾರ ಒಂದೇ.

ಮೊದಲು ದುಡ್ಡು

ಕೆಲಸಕ್ಕೆ ಕರೆಯುವಾಗ ಹೇಳುವುದು ಸಿಟಿಸಿ. ಅದು ಕಂಪನಿ ನಿಮ್ಮ ಹೆಸರಿನಲ್ಲಿ ಖರ್ಚು ಬರೆಯುವ ಮೊತ್ತ, ನಿಮ್ಮ ಕೈಗೆ ಬರುವ ಪಗಾರ ಅದಕ್ಕಿಂತ ಕಡಿಮೆ. ವರ್ಷಕ್ಕೆ 3,36,000 ರೂಪಾಯಿ ಎಂದು ಬರೆದ ಒಂದು ಆಫರ್ ಇಟ್ಟುಕೊಂಡು ನೋಡೋಣ. ತಿಂಗಳಿಗೆ 28,000. ಇದರಲ್ಲಿ ಬೇಸಿಕ್ (ಭತ್ಯೆ ಬಿಟ್ಟ ಮೂಲ ಪಗಾರ) 14,000 ಎಂದುಕೊಳ್ಳಿ.

ಕಂಪನಿ ಕಟ್ಟಬೇಕಾದ ಪಿಎಫ್ (ಭವಿಷ್ಯನಿಧಿ) ಬೇಸಿಕ್‌ನ ಶೇಕಡಾ 12, ಅಂದರೆ 1,680 ರೂಪಾಯಿ. ಅದನ್ನು ಸಿಟಿಸಿಯೊಳಗೇ ಸೇರಿಸಿರುತ್ತಾರೆ. ಗ್ರಾಚ್ಯುಟಿಗೆಂದು (ವರ್ಷಗಟ್ಟಲೆ ದುಡಿದು ಬಿಡುವಾಗ ಕೊಡುವ ಇಡಿಗಂಟು) ಬೇಸಿಕ್‌ನ ಶೇಕಡಾ 4.81, ಅಂದರೆ 673 ರೂಪಾಯಿ, ಅದೂ ಒಳಗೇ. ಇವೆರಡನ್ನು ಕಳೆದರೆ ಗ್ರಾಸ್, ಅಂದರೆ ಕಟಾವಿನ ಮುಂಚಿನ ಪಗಾರ, 25,647. ಇದರಿಂದ ನಿಮ್ಮ ಪಾಲಿನ ಪಿಎಫ್ 1,680 ಹೋಗುತ್ತದೆ. ಕರ್ನಾಟಕದಲ್ಲಿ ಗ್ರಾಸ್ 25,000 ಮುಟ್ಟಿದರೆ ವೃತ್ತಿ ತೆರಿಗೆ 200 ರೂಪಾಯಿ (ಫೆಬ್ರುವರಿಯಲ್ಲಿ 300). ಉಳಿದು ಬ್ಯಾಂಕ್ ಖಾತೆಗೆ ಬೀಳುವುದು 23,767. ವರ್ಷಕ್ಕೆ 2,85,104. 28 ಸಾವಿರದ ನೌಕರಿ ಎಂದು ಊರಿಗೆಲ್ಲ ಹೇಳಿದ್ದು ಮೊದಲ ತಿಂಗಳೇ 24 ಸಾವಿರದೊಳಗೆ ಬರುವುದು ಹೀಗೆ.

ಪಿಎಫ್ ದುಡ್ಡು ಹಾಳಾಗುವುದಿಲ್ಲ, ನಿಮ್ಮದೇ ಉಳಿತಾಯ. ನಿಮ್ಮ ಪಾಲಿನ 1,680 ಪೂರ್ತಿ ನಿಮ್ಮ ಖಾತೆಗೆ ಹೋಗುತ್ತದೆ. ಕಂಪನಿಯ ಪಾಲಿನಲ್ಲಿ ಬೇಸಿಕ್‌ನ ಶೇಕಡಾ 8.33 ಪಿಂಚಣಿಗೆ (ಇಲ್ಲಿ 1,166), ಉಳಿದ 514 ಪಿಎಫ್ ಖಾತೆಗೆ. ಹಾಗಾಗಿ ಎರಡು ಮೊತ್ತ ಬರೆದಿಡಿ: ಕೈಗೆ ಬರುವುದು 23,767, ಪಿಎಫ್ ಸೇರಿಸಿದರೆ 25,961. ಮನೆ ನಡೆಸುವ ಲೆಕ್ಕಕ್ಕೆ ಮೊದಲನೆಯದು, ಎರಡು ನೌಕರಿಗಳ ಪಿಎಫ್ ಬೇರೆ ಬೇರೆ ಇದ್ದು ತೂಗಿ ನೋಡುವುದಾದರೆ ಎರಡನೆಯದು. ಇಲ್ಲಿ ಮುಂದೆಲ್ಲ ಮೊದಲನೆಯದನ್ನೇ ಹಿಡಿದಿದೆ.

ಈ ಹಂತದಲ್ಲಿ ಹೆಚ್ಚಿನವರು ಒಂದೇ ತಪ್ಪು ಮಾಡುತ್ತಾರೆ. ಆಫೀಸಿನಿಂದ ಪಡೆದ ಅಡ್ವಾನ್ಸ್, ಸೊಸೈಟಿ ಸಾಲದ ಕಂತು, ಎಲ್‌ಐಸಿ ಪ್ರೀಮಿಯಂ ಪಗಾರದಲ್ಲೇ ಕಟಾವಾಗುತ್ತಿದ್ದರೆ ಉಳಿದದ್ದನ್ನೇ ಪಗಾರ ಎಂದು ಹಿಡಿಯುತ್ತಾರೆ. ಅವು ನಿಮ್ಮ ಖರ್ಚು. ಅವನ್ನು ಮರಳಿ ಕೂಡಿಸಿ. ಇದಕ್ಕೆ ತಿರುಗಾಮುರುಗಾ, ದೀಪಾವಳಿ ಬೋನಸ್ ಬಾಯಿಮಾತಿನಲ್ಲಿ ಇದ್ದರೆ ಕೂಡಿಸಬೇಡಿ. ಕಳೆದ ವರ್ಷ ಖಾತೆಗೆ ಬಿದ್ದಿದ್ದರೆ ಮಾತ್ರ ವರ್ಷದ ಮೊತ್ತಕ್ಕೆ ಸೇರಿಸಿ.

ಇನ್ನೊಂದು ಕಡೆ ಗಮನ ಇರಲಿ. ಗ್ರಾಸ್ 21,000ದ ಒಳಗಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯಿಸುತ್ತದೆ. ನಿಮ್ಮಿಂದ ಹೋಗುವುದು ಶೇಕಡಾ 0.75, ಕಂಪನಿ ಕಟ್ಟುವುದು ಶೇಕಡಾ 3.25. 20,800 ಇದ್ದ ಗ್ರಾಸ್ 21,300 ಆದರೆ ಆ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ತಿಂಗಳಿಗೆ 156 ರೂಪಾಯಿ ಕಟಾವು ನಿಲ್ಲುತ್ತದೆ, ಜೊತೆಗೆ ಮನೆಮಂದಿಯ ಇಡೀ ಚಿಕಿತ್ಸೆಯ ಸೌಲಭ್ಯವೂ ಮುಂದೆ ನಿಲ್ಲುತ್ತದೆ. ಮನೆಯಲ್ಲಿ ವಯಸ್ಸಾದ ತಂದೆ-ತಾಯಿ ಇದ್ದರೆ 500 ರೂಪಾಯಿ ಇನ್‌ಕ್ರಿಮೆಂಟ್ ಬಂದ ಖುಷಿಯಲ್ಲಿ ಇದನ್ನು ಮರೆಯಬಾರದು. ಹೊರಗೆ ಆರೋಗ್ಯ ವಿಮೆ ಮಾಡಿಸುವ ಖರ್ಚನ್ನೂ ಸೇರಿಸಿಯೇ ಆ ಇನ್‌ಕ್ರಿಮೆಂಟ್ ಒಪ್ಪಿಕೊಳ್ಳಿ, ಅಥವಾ ವಿಮೆಯನ್ನು ಕಂಪನಿಯೇ ಮಾಡಿಸಲಿ ಎಂದು ಕೇಳಿ.

ಆಮೇಲೆ ತಾಸು

ದುಡ್ಡಿನ ಲೆಕ್ಕ ಅರ್ಧ ತಾಸಿನಲ್ಲಿ ಮುಗಿಯುತ್ತದೆ. ತಾಸಿನ ಲೆಕ್ಕಕ್ಕೆ ನಾಲ್ಕು ವಾರ ಬೇಕು. ನೆನಪಿನ ಮೇಲೆ ಬರೆದರೆ ತಪ್ಪುತ್ತದೆ. ಬೇಗ ಎದ್ದು ಹೋದ ದಿನ ಚೆನ್ನಾಗಿ ನೆನಪಿರುತ್ತದೆ, ಪ್ರತಿದಿನ ಸರಿದುಹೋಗುವ ಇಪ್ಪತ್ತು-ಮೂವತ್ತು ನಿಮಿಷ ನೆನಪಿರುವುದಿಲ್ಲ.

ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು, ಐದು ಕಾಲಂ: ತಾರೀಖು, ಬಂದ ಹೊತ್ತು, ಎದ್ದ ಹೊತ್ತು, ಊಟಕ್ಕೆ ಹೋದ ನಿಮಿಷ, ಮನೆಯಲ್ಲಿ ಮಾಡಿದ ನಿಮಿಷ. ಎದ್ದ ಹೊತ್ತನ್ನು ಆಫೀಸಿನ ಬಾಗಿಲು ದಾಟುವಾಗಲೇ ಮೊಬೈಲ್ ನೋಡಿ ಬರೆಯಿರಿ. ಆಫೀಸಿನ ಮಸ್ಟರನ್ನು (ಹಾಜರಿ ಪುಸ್ತಕ) ನಂಬಿ ಕೂರಬೇಡಿ. ಎಷ್ಟೋ ಕಡೆ ಅದರ ಪುಟ ತೆರೆದರೆ ಬಂದ ಹೊತ್ತಿನ ಕಾಲಂನಲ್ಲಿ 9-27, 9-34, 9-31 ಎಂದು ಬೇರೆ ಬೇರೆ ಪೆನ್ನು, ಬೇರೆ ಬೇರೆ ಕೈಬರಹ ಇರುತ್ತದೆ. ಹೋದ ಹೊತ್ತಿನ ಕಾಲಂನಲ್ಲಿ ಮೇಲಿನಿಂದ ಕೆಳಗಿನ ತನಕ ಒಂದೇ ಶಾಯಿಯಲ್ಲಿ 6-30, 6-30, 6-30. ಅದನ್ನು ತಿಂಗಳ ಕೊನೆಗೆ ಒಬ್ಬರೇ ಕುಳಿತು ತುಂಬಿದ್ದು. ಬೆರಳು ಒತ್ತುವ ಯಂತ್ರ ಇರುವ ಕಡೆಯೂ ಬೆಳಗಿನ ಹೊತ್ತನ್ನಷ್ಟೇ ನೋಡುವುದು ರೂಢಿ: ಮೂರು ದಿನ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಪಗಾರ ಕಟ್, ಮೂರು ದಿನ ಒಂದೊಂದು ತಾಸು ಹೆಚ್ಚು ಕೂತರೆ ಅದಕ್ಕೆ ಕಾಲಂ ಇಲ್ಲ.

ಯಾವುದನ್ನು ಕೆಲಸ ಎಂದು ಬರೆಯಬೇಕು? ಇಲ್ಲಿ ಎಲ್ಲರೂ ಗೊಂದಲಕ್ಕೆ ಬೀಳುತ್ತಾರೆ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಆ ಹೊತ್ತಿನಲ್ಲಿ ನೀವು ಎದ್ದು ಹೋಗಿದ್ದರೆ "ಎಲ್ಲಿ ಹೋದ್ರು?" ಎಂದು ಯಾರಾದರೂ ಕೇಳುತ್ತಿದ್ದರೇ? ಕೇಳುತ್ತಿದ್ದರು ಎಂದಾದರೆ ಅದು ಕೆಲಸ. ನಿಮ್ಮ ಕೆಲಸ ಮುಗಿದರೂ ಸಾಹೇಬರು ಎದ್ದಿಲ್ಲ ಎಂದು ಕೂತ ಹೊತ್ತು ಕೆಲಸವೇ. ಮನೆಗೆ ಹೋಗುವ ದಾರಿಯಲ್ಲಿ ಪಾರ್ಟಿಯಿಂದ (ಗಿರಾಕಿಯಿಂದ) ಚೆಕ್ ಇಸಕೊಂಡು ಹೋಗಿ ಎಂದರೆ ಅದೂ ಕೆಲಸ. ರಾತ್ರಿ ಊಟದ ಹೊತ್ತಿಗೆ ಆಫೀಸಿನ ವಾಟ್ಸ್ಯಾಪ್ ಗುಂಪಿನಲ್ಲಿ "ಆ ಬಿಲ್ ಕಳಸ್ರಿ" ಎಂದು ಬಂದು, ಹುಡುಕಿ ಕಳಿಸಿದ ಹತ್ತು ನಿಮಿಷವನ್ನೂ ಬರೆಯಿರಿ. ಹತ್ತು-ಹದಿನೈದು ನಿಮಿಷದ ಚಹಾ ಕಳೆಯಬೇಕಿಲ್ಲ. ಆದರೆ ಗಿರ್ಮಿಟ್ಟು-ಮಿರ್ಚಿ ಎಂದು ಮುಕ್ಕಾಲು ತಾಸು ಹೊರಗೆ ಹೋದರೆ, ಸ್ವಂತ ಕೆಲಸಕ್ಕೆ ಬ್ಯಾಂಕಿಗೆ ಹೋದರೆ ಪ್ರಾಮಾಣಿಕವಾಗಿ ಕಳೆಯಿರಿ. ಮುಂದೆ ಈ ಪುಸ್ತಕವನ್ನು ಯಾರಿಗಾದರೂ ತೋರಿಸುವ ಪ್ರಸಂಗ ಬಂದಾಗ ಕಳೆದ ಆ ನಿಮಿಷಗಳೇ ಉಳಿದ ಲೆಕ್ಕಕ್ಕೆ ಬೆಲೆ ತರುತ್ತವೆ.

ಯಾವ ನಾಲ್ಕು ವಾರ ಎನ್ನುವುದೂ ಮುಖ್ಯ. ಅಕೌಂಟ್ಸ್ ಕೆಲಸ ತಿಂಗಳಿನ ಎಲ್ಲ ದಿನ ಒಂದೇ ಸಮ ಇರುವುದಿಲ್ಲ: 7ನೇ ತಾರೀಖು ಟಿಡಿಎಸ್ (ಮೂಲದಲ್ಲೇ ಕಟಾಯಿಸಿದ ತೆರಿಗೆ) ಕಟ್ಟುವುದು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎಂಬ ಜಿಎಸ್‌ಟಿ ರಿಟರ್ನ್‌ಗಳು. ಹಾಗಾಗಿ 1ನೇ ತಾರೀಖಿನಿಂದ ಪೂರ್ತಿ ತಿಂಗಳು ಬರೆಯುವುದು ಒಳ್ಳೆಯದು. ಬರೇ ಮಾರ್ಚ್ ತಿಂಗಳಿನದನ್ನು ಹಿಡಿದು ಹನ್ನೆರಡರಿಂದ ಗುಣಿಸಿದರೆ ಲೆಕ್ಕ ಉಬ್ಬುತ್ತದೆ, ಮೇ ತಿಂಗಳಿನದು ಹಿಡಿದರೆ ಸೊರಗುತ್ತದೆ. ಆಡಿಟರ್ ಕಚೇರಿಯವರು ಒಂದು ಸಾಧಾರಣ ತಿಂಗಳು, ಒಂದು ಬಿರುಸಿನ ತಿಂಗಳು ಎರಡನ್ನೂ ಬರೆದು, ವರ್ಷದಲ್ಲಿ ಎಂಥವು ಎಷ್ಟು ತಿಂಗಳು ಎಂದು ನೋಡಿ ಸರಾಸರಿ ತೆಗೆಯಬೇಕು.

ಕೂಡಿಸುವಾಗ ಆಗುವ ಎರಡು ತಪ್ಪು ಹೇಳಲೇಬೇಕು. 9 ತಾಸು 40 ನಿಮಿಷವನ್ನು 9.40 ಎಂದು ಕ್ಯಾಲ್ಕುಲೇಟರ್‌ಗೆ ಹೊಡೆಯುತ್ತಾರೆ. 40 ನಿಮಿಷ ಎಂದರೆ 0.67 ತಾಸು, ಹೊಡೆಯಬೇಕಾದ್ದು 9.67. ನಿಮಿಷವನ್ನು 60ರಿಂದ ಭಾಗಿಸಿ. ಎಕ್ಸೆಲ್‌ನಲ್ಲಿ ಹೊತ್ತಿನ ಕಾಲಂ ಕೂಡಿಸಿದರೆ 24 ತಾಸು ದಾಟಿದ ಕೂಡಲೇ ಮೊತ್ತ ಮತ್ತೆ ಸೊನ್ನೆಯಿಂದ ಶುರುವಾದಂತೆ ಕಾಣುತ್ತದೆ, 55 ತಾಸು ಇದ್ದದ್ದು 7 ಎಂದು ತೋರಿಸುತ್ತದೆ. ಮೊತ್ತವನ್ನು 24ರಿಂದ ಗುಣಿಸಿ, ಆ ಮನೆಯ ಫಾರ್ಮ್ಯಾಟನ್ನು ನಂಬರ್ ಎಂದು ಬದಲಿಸಿದರೆ ಸರಿಯಾದ ತಾಸು ಬರುತ್ತದೆ.

ಭಾಗಾಕಾರ

ವರ್ಷದಲ್ಲಿ ಕೆಲಸದ ದಿನ ಎಷ್ಟು? 365ರಲ್ಲಿ 52 ಭಾನುವಾರ ಹೋದರೆ 313. ರಾಜ್ಯದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಂತೆ ಪಗಾರ ಸಹಿತ ರಜೆ ಹತ್ತು: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜೊತೆಗೆ ಐದು ಹಬ್ಬ. ಉಳಿದದ್ದು 303. ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನ ಗಳಿಕೆ ರಜೆ, ಅಂದರೆ ಸುಮಾರು 15. ಕೊನೆಗೆ 288 ದಿನ.

ಅಪಾಯಿಂಟ್‌ಮೆಂಟ್ ಪತ್ರದಲ್ಲಿ 9-30ರಿಂದ 6-30, ನಡುವೆ ಒಂದು ತಾಸು ಊಟ ಎಂದು ಇದೆಯೆನ್ನಿ. ದಿನಕ್ಕೆ 8 ತಾಸು, ವರ್ಷಕ್ಕೆ 2,304. 2,85,104ನ್ನು ಇದರಿಂದ ಭಾಗಿಸಿದರೆ ತಾಸಿಗೆ 124 ರೂಪಾಯಿ. ಕಾಗದದ ಮೇಲಿನ ದರ ಇದು.

ನೋಟ್‌ಬುಕ್ಕು ಬೇರೆ ಹೇಳುತ್ತದೆ. ಸರಾಸರಿ ಏಳುವ ಹೊತ್ತು 7-10. ಊಟಕ್ಕೆ ಹೋದದ್ದು ಅರ್ಧ ತಾಸು, ಉಳಿದ ಅರ್ಧ ತಾಸು ಡಬ್ಬಿ ಮುಚ್ಚಿ ಮತ್ತೆ ಕಂಪ್ಯೂಟರ್ ಮುಂದೆ. ಹಾಗಾದರೆ ಆಫೀಸಿನಲ್ಲೇ 9 ತಾಸು 10 ನಿಮಿಷ. ಮನೆಯಲ್ಲಿ ಫೋನಿನ ಮೇಲೆ ದಿನಕ್ಕೆ 20 ನಿಮಿಷ. ಒಟ್ಟು ಒಂಬತ್ತೂವರೆ ತಾಸು. 288 ದಿನಕ್ಕೆ 2,736. ಸ್ಟಾಕ್ ಎಣಿಕೆ, ಆಡಿಟ್ ಎಂದು ಆರು ಭಾನುವಾರ ಐದೈದು ತಾಸು, 30. ಹದಿನೈದು ರಜೆಯಲ್ಲಿ ಏಳನ್ನೇ ತೆಗೆದುಕೊಂಡದ್ದು, ಎಂಟು ದಿನ ಕೆಲಸ ಮಾಡಿದ್ದಕ್ಕೆ 76. ಎಲ್ಲ ಕೂಡಿ 2,842 ತಾಸು. ಈಗ ಭಾಗಿಸಿದರೆ ತಾಸಿಗೆ 100 ರೂಪಾಯಿ.

124 ರೂಪಾಯಿಯ ನೌಕರಿ 100 ರೂಪಾಯಿಗೆ ಇಳಿಯಿತು. ಯಾರೂ ಪಗಾರ ಕಡಿಮೆ ಮಾಡಿಲ್ಲ, ಯಾವ ಪತ್ರಕ್ಕೂ ನೀವು ಸಹಿ ಹಾಕಿಲ್ಲ. ಸಂಜೆಯ ನಲವತ್ತು ನಿಮಿಷ, ಊಟದ ಅರ್ಧ ತಾಸು, ತೆಗೆದುಕೊಳ್ಳದ ಸೂಟಿ ಸೇರಿ ಐದರಲ್ಲಿ ಒಂದು ಪಾಲು ಕರಗಿದೆ.

ಹೋಗಿ ಬರುವ ಹೊತ್ತು

ಇದನ್ನು ಕೆಲಸದ ತಾಸಿಗೆ ಸೇರಿಸಬೇಕೇ ಎಂದರೆ, ಆಫೀಸಿನ ಹತ್ತಿರ ಓಟಿ (ಹೆಚ್ಚುವರಿ ತಾಸಿನ ದುಡ್ಡು) ಕೇಳುವ ಲೆಕ್ಕಕ್ಕೆ ಬೇಡ, ನಿಮ್ಮ ಸ್ವಂತ ಲೆಕ್ಕಕ್ಕೆ ಬೇಕೇಬೇಕು. ಮನೆಯ ಬಾಗಿಲಿನಿಂದ ಆಫೀಸಿನ ಬಾಗಿಲಿನ ತನಕ ಎಣಿಸಿ. ಧಾರವಾಡದ ಸಪ್ತಾಪುರದಿಂದ ಹುಬ್ಬಳ್ಳಿಯ ದೇಶಪಾಂಡೆ ನಗರಕ್ಕೆ ಹೋಗುವವರು "ಚಿಗರಿ ಬಸ್ಸಿಗೆ ಮುಕ್ಕಾಲು ತಾಸು" ಎಂದಷ್ಟೇ ಹೇಳುತ್ತಾರೆ. ಸ್ಟಾಪಿಗೆ ನಡೆದ 15 ನಿಮಿಷ, ಕಾದ 5 ನಿಮಿಷ, ಇಳಿದ ಮೇಲೆ ನಡೆದ 10 ನಿಮಿಷ ಬಿಟ್ಟುಹೋಗುತ್ತದೆ. ಎಲ್ಲ ಸೇರಿಸಿ ಒಂದು ಕಡೆಗೆ 75 ನಿಮಿಷ ಎಂದಿಟ್ಟುಕೊಂಡರೆ ದಿನಕ್ಕೆ ಎರಡೂವರೆ ತಾಸು, 296 ದಿನಕ್ಕೆ (288ಕ್ಕೆ ತೆಗೆದುಕೊಳ್ಳದ ರಜೆಯ 8 ದಿನ ಕೂಡಿಸಿ) 740 ತಾಸು. ಬಸ್ಸಿಗೆ ತಿಂಗಳಿಗೆ 1,500 ಎಂದರೆ ವರ್ಷಕ್ಕೆ 18,000. ಉಳಿದ 2,67,104ನ್ನು 3,582 ತಾಸಿಗೆ ಹಂಚಿದರೆ ತಾಸಿಗೆ 75 ರೂಪಾಯಿ.

ಗದಗದಿಂದ ರೈಲಿಗೆ ಹುಬ್ಬಳ್ಳಿಗೆ ಬಂದು ಹೋಗುವವರ ಲೆಕ್ಕದಲ್ಲಿ ಒಂದು ವಿಶೇಷವಿದೆ. ಅವರ ದಾರಿ ಉದ್ದ, ಆದರೆ ಸಂಜೆಯ ಗಾಡಿಯೇ ಅವರನ್ನು ಕಾಪಾಡುತ್ತದೆ. "ಅವರು ಟ್ರೇನಿಗೆ ಹೋಗಬೇಕ್ರಿ" ಎಂದು ಇಡೀ ಆಫೀಸಿಗೆ ಗೊತ್ತಿರುವುದರಿಂದ ಆರು ಗಂಟೆಯ ಮೇಲೆ ಅವರ ಮೇಜಿನ ಮೇಲೆ ಹೊಸ ಫೈಲು ಬೀಳುವುದಿಲ್ಲ. ಆ ಫೈಲು ಬೀಳುವುದು ವಿದ್ಯಾನಗರದಲ್ಲೋ ಕೇಶ್ವಾಪುರದಲ್ಲೋ ಮನೆ ಇರುವವರ ಮೇಜಿನ ಮೇಲೆ. ಹಾಗಾಗಿ ಪ್ರಯಾಣದ ಹೊತ್ತನ್ನೂ ಆಫೀಸಿನ ಹೊತ್ತನ್ನೂ ಬೇರೆ ಬೇರೆ ಕಾಲಂನಲ್ಲೇ ಇಡಿ. ಆಫೀಸಿನ ಹತ್ತಿರ ಮನೆ ಮಾಡಿದ ಮೇಲೆ ಉಳಿದ ಒಂದು ತಾಸು ನಿಜಕ್ಕೂ ಮನೆಗೆ ಬಂತೋ ಆಫೀಸಿಗೇ ಹೋಯಿತೋ ಆಗ ಗೊತ್ತಾಗುತ್ತದೆ.

ಎರಡು ನೌಕರಿ ಎದುರುಬದುರು

ಈ ಲೆಕ್ಕದ ದೊಡ್ಡ ಉಪಯೋಗ ಇಲ್ಲಿಯೇ. ಮೇಲಿನ ಧಾರವಾಡದವರಿಗೆ ಮನೆಯ ಹತ್ತಿರವೇ ಇನ್ನೊಂದು ಕೆಲಸ ಸಿಗುತ್ತದೆ ಎನ್ನಿ. ಕೈಗೆ 20,000. ಮೊದಲ ನೋಟಕ್ಕೆ ತಿಂಗಳಿಗೆ 3,767 ನಷ್ಟ, ಮನೆಯಲ್ಲಿ ಎಲ್ಲರೂ ಬೇಡವೆನ್ನುತ್ತಾರೆ. ಅಲ್ಲಿ ಹೊತ್ತು 10ರಿಂದ 6, ಊಟದ ತಾಸು ಬಿಟ್ಟು 7 ತಾಸು. ಎರಡನೇ, ನಾಲ್ಕನೇ ಶನಿವಾರ ರಜೆ, ಆದ್ದರಿಂದ ಕೆಲಸದ ದಿನ 264. ದಿನಾ 20 ನಿಮಿಷ ತಡ ಎಂದು ಸೇರಿಸಿದರೂ ವರ್ಷಕ್ಕೆ 1,936 ತಾಸು. ಹೋಗಿ ಬರಲು ಅರ್ಧ ತಾಸಿನಂತೆ 132. ಒಟ್ಟು 2,068. ಸ್ಕೂಟರ್ ಪೆಟ್ರೋಲಿಗೆ ವರ್ಷಕ್ಕೆ 6,000 ಹೋಗಿ ಕೈಯಲ್ಲಿ ಉಳಿಯುವುದು 2,34,000. ತಾಸಿಗೆ 113 ರೂಪಾಯಿ.

75 ಮತ್ತು 113 ನೋಡಿದರೆ ಸಾಕೆನಿಸುತ್ತದೆ, ಆದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಎರಡರ ನಡುವಿನ ವ್ಯತ್ಯಾಸವನ್ನೇ ಭಾಗಿಸಿ. ಹುಬ್ಬಳ್ಳಿಯ ನೌಕರಿಯಲ್ಲಿ ವರ್ಷಕ್ಕೆ 33,104 ರೂಪಾಯಿ ಹೆಚ್ಚು ಉಳಿಯುತ್ತದೆ, ಅದಕ್ಕೆ ಕೊಡುವುದು 1,514 ತಾಸು ಹೆಚ್ಚು. ಆ ಹೆಚ್ಚಿನ ಪ್ರತಿ ತಾಸಿಗೆ ಸಿಗುವುದು 22 ರೂಪಾಯಿ. ತಾಸಿಗೆ 22 ರೂಪಾಯಿಗೆ ಇಷ್ಟು ಹೊತ್ತು ಕೆಲಸ ಮಾಡ್ತೀರಾ ಎಂದು ನೇರವಾಗಿ ಕೇಳಿದರೆ ಯಾರೂ ಒಪ್ಪುವುದಿಲ್ಲ. ತಿಂಗಳ ಪಗಾರದೊಳಗೆ ಅಡಗಿ ಬಂದಾಗ ಎಲ್ಲರೂ ಒಪ್ಪುತ್ತಾರೆ.

ಹಾಗೆಂದು ಕಣ್ಣು ಮುಚ್ಚಿ ಎರಡನೆಯದನ್ನು ಹಿಡಿಯಬೇಕೆಂದಿಲ್ಲ. ಮನೆ ಸಾಲದ ಕಂತು ಕಟ್ಟಲು ಆ ಮೂರು ಮುಕ್ಕಾಲು ಸಾವಿರವೇ ಬೇಕಾಗಿದ್ದರೆ 22 ರೂಪಾಯಿಯ ತಾಸೂ ದುಡಿಯಲೇಬೇಕಾಗುತ್ತದೆ. ಕಲಿಯುವುದಕ್ಕೆ ಹೆಚ್ಚು ಸಿಗುವ ಜಾಗವಾದರೆ ಎರಡು ವರ್ಷಕ್ಕೆಂದು ಅವಧಿ ಹಾಕಿಕೊಂಡು ಇರಬಹುದು. ಬೆಂಗಳೂರಿನ ಆಫರ್ ಬಂದಾಗಲೂ ಇದೇ ಕ್ರಮ: ಪಿಜಿ, ಊಟ, ಮೆಟ್ರೋ-ಬಸ್ಸು, ತಿಂಗಳಿಗೊಮ್ಮೆ ಊರಿಗೆ ಬರುವ ಖರ್ಚು ಮೊದಲು ಕಳೆದು, ಆಮೇಲೆ ಭಾಗಿಸಿ.

ಕಾಯ್ದೆ ಏನು ಹೇಳುತ್ತದೆ

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಖಾಸಗಿ ಆಫೀಸುಗಳಿಗೆ ಅನ್ವಯಿಸುತ್ತದೆ. ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಮಿತಿ. ಐದು ತಾಸಿಗಿಂತ ಹೆಚ್ಚು ಸತತ ಕೆಲಸ ಮಾಡಿಸುವಂತಿಲ್ಲ, ನಡುವೆ ಕನಿಷ್ಠ ಒಂದು ತಾಸು ವಿರಾಮ ಕೊಡಬೇಕು. ವಿರಾಮ ಸೇರಿಸಿ ಬೆಳಗಿನಿಂದ ಸಂಜೆಗೆ 12 ತಾಸು ಮೀರಬಾರದು. ಮಿತಿ ದಾಟಿದರೆ ಓಟಿ, ಅದರ ದರ ಮಾಮೂಲು ಪಗಾರದ ಎರಡು ಪಟ್ಟು. ಓಟಿ ಸೇರಿಸಿದರೂ ದಿನಕ್ಕೆ 10 ತಾಸು ಮೀರಬಾರದು, ಸ್ಟಾಕ್ ಎಣಿಕೆ ಮತ್ತು ಲೆಕ್ಕ ತಯಾರಿಸುವ ದಿನಗಳಿಗೆ ಮಾತ್ರ ವಿನಾಯಿತಿ. ಸತತ ಮೂರು ತಿಂಗಳಲ್ಲಿ ಓಟಿ 50 ತಾಸು ದಾಟುವಂತಿಲ್ಲ.

ನಮ್ಮ ಉದಾಹರಣೆಗೆ ಇದನ್ನು ಹಚ್ಚಿ ನೋಡಿ. ಆಫೀಸಿನೊಳಗೆ ದಿನಕ್ಕೆ 9 ತಾಸು 10 ನಿಮಿಷ, ಆರು ದಿನಕ್ಕೆ 55. ವಾರಕ್ಕೆ 7 ತಾಸು ಓಟಿ, 13 ವಾರಕ್ಕೆ 91. ಮಿತಿ 50. ಅಂದರೆ ದುಡ್ಡು ಕೊಟ್ಟರೂ ಇಷ್ಟು ಮಾಡಿಸುವಂತಿಲ್ಲ, ಇಲ್ಲಿ ದುಡ್ಡೂ ಇಲ್ಲ. ದರ ತೆಗೆಯಲು ಬೇಸಿಕ್ ಮತ್ತು ಭತ್ಯೆ ಸೇರಿದ ಗ್ರಾಸ್ ಹಿಡಿಯುವುದು, ಬೋನಸ್ ಬಿಡುವುದು. 25,647ನ್ನು 26 ದಿನ, 8 ತಾಸು, ಅಂದರೆ 208ರಿಂದ ಭಾಗಿಸಿದರೆ 123 ರೂಪಾಯಿ 30 ಪೈಸೆ. ಎರಡು ಪಟ್ಟು ಸುಮಾರು 247. ಮೂರು ತಿಂಗಳ 91 ತಾಸಿಗೆ 22,477 ರೂಪಾಯಿ. ಹೆಚ್ಚುಕಡಿಮೆ ಒಂದು ತಿಂಗಳ ಕೈಪಗಾರ.

"ನೀವು ಮ್ಯಾನೇಜರ್, ನಿಮಗೆ ಓಟಿ ಬರೂದಿಲ್ಲ" ಎಂಬ ಉತ್ತರ ಬರಬಹುದು. ಆಡಳಿತದ ಹುದ್ದೆಯಲ್ಲಿ ಇರುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎನ್ನುವುದು ನಿಜ. ಆದರೆ ನೋಡುವುದು ಮಾಡುವ ಕೆಲಸವನ್ನು, ವಿಸಿಟಿಂಗ್ ಕಾರ್ಡಿನ ಮೇಲಿನ ಹೆಸರನ್ನಲ್ಲ. ಕೈಕೆಳಗೆ ಯಾರೂ ಇಲ್ಲದೆ, ರಜೆ ಮಂಜೂರು ಮಾಡುವ ಅಧಿಕಾರವಿಲ್ಲದೆ, ದಿನವಿಡೀ ಎಂಟ್ರಿ ಹೊಡೆಯುವವರನ್ನು ಅಸಿಸ್ಟಂಟ್ ಮ್ಯಾನೇಜರ್ ಎಂದು ಕರೆದ ಮಾತ್ರಕ್ಕೆ ಅವರು ಆಡಳಿತದ ಹುದ್ದೆಯವರಾಗುವುದಿಲ್ಲ. 1,000 ರೂಪಾಯಿ ಹೆಚ್ಚಿಸಿ ಈ ಹೆಸರು ಕೊಡಲು ಬಂದಾಗ ಎಚ್ಚರ ಇರಲಿ.

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಪಗಾರ ಚೀಟಿ ಓದುವವರಿಗೆ ಮುಖ್ಯವಾದದ್ದು ಒಂದು: ಭತ್ಯೆಗಳು ಒಟ್ಟು ಮೊತ್ತದ ಅರ್ಧಕ್ಕಿಂತ ಹೆಚ್ಚಿದ್ದರೆ, ಹೆಚ್ಚಿದ್ದಷ್ಟನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು. 25,000 ಗ್ರಾಸ್‌ನಲ್ಲಿ ಬೇಸಿಕ್ 8,000 ಮಾತ್ರ ಇಟ್ಟು ಉಳಿದದ್ದನ್ನೆಲ್ಲ ಸ್ಪೆಷಲ್ ಅಲೊವನ್ಸ್ ಎಂದು ತೋರಿಸಿ ಗ್ರಾಚ್ಯುಟಿ ಇಳಿಸುವ ದಾರಿ ಇದರಿಂದ ಕಿರಿದಾಗುತ್ತದೆ.

ಇನ್ನೊಂದು ಕಡೆ ಕಣ್ಣಿಡಿ, ದಿನದ ಪಗಾರ ತೆಗೆಯುವ ಭಾಜಕದ ಮೇಲೆ. 25,647ನ್ನು 26ರಿಂದ ಭಾಗಿಸಿದರೆ 986, 30ರಿಂದ ಭಾಗಿಸಿದರೆ 855. ಖಾಡೆ (ಗೈರುಹಾಜರಿ) ಹಾಕಿ ಕಟಾವು ಮಾಡುವಾಗ 26, ಉಳಿದ ರಜೆಗೆ ದುಡ್ಡು ಕೊಡುವಾಗ 30 ಹಿಡಿಯುವ ಆಫೀಸುಗಳಿವೆ. ದಿನಕ್ಕೆ 131 ರೂಪಾಯಿ ವ್ಯತ್ಯಾಸ. ಯಾವುದೇ ಆಗಲಿ ಎರಡೂ ಕಡೆ ಒಂದೇ ಭಾಜಕ ಇರಲಿ ಎಂದು ಕೇಳುವುದು ನ್ಯಾಯ.

ಕೇಳುವುದು ಹೇಗೆ

ನಮ್ಮ ಕಡೆಯ ಆಫೀಸುಗಳಲ್ಲಿ ಹತ್ತು-ಹದಿನೈದು ಜನ, ಮಾಲೀಕರು ಎದುರಿಗೇ ಕೂತಿರುತ್ತಾರೆ, ಅವರ ಮನೆಯ ಮದುವೆಗೆ ನೀವೂ ಹೋಗಿರುತ್ತೀರಿ. ಅಲ್ಲಿ ಮೊದಲ ದಿನವೇ ಕಾಯ್ದೆಯ ಕಲಮು ಓದಿದರೆ ಮಾತು ಮುರಿಯುತ್ತದೆ. ದುಡ್ಡಿಗಿಂತ ಹೊತ್ತು ಕೇಳುವುದು ಸುಲಭ, ಸಿಗುವುದೂ ಬೇಗ. ಉದಾಹರಣೆಯ ಲೆಕ್ಕದಲ್ಲಿ ಶೇಕಡಾ 10 ಇನ್‌ಕ್ರಿಮೆಂಟ್ ಬಂದರೆ ತಾಸಿನ ದರ 100ರಿಂದ 110 ಆಗುತ್ತದೆ. ಪಗಾರ ಹಾಗೇ ಇದ್ದು ದಿನಕ್ಕೆ 52 ನಿಮಿಷ ಬೇಗ ಎದ್ದರೂ ಅದೇ 110. ಮಾಲೀಕರ ಜೇಬಿನಿಂದ ಒಂದು ರೂಪಾಯಿಯೂ ಹೋಗುವುದಿಲ್ಲ.

ಆದ್ದರಿಂದ ಮೊದಲು ವಾರಕ್ಕೆ ಎರಡು ದಿನ ಗೊತ್ತು ಮಾಡಿ ಹೊತ್ತಿಗೆ ಸರಿಯಾಗಿ ಏಳಿ. ಮಂಗಳವಾರ, ಗುರುವಾರ ಎಂದು ಮುಂಚೆಯೇ ಹೇಳಿಡಿ. ದಿನಾ ಬೇಗ ಹೋಗುತ್ತೇನೆ ಎಂದರೆ ಜಗಳ, ಎರಡು ದಿನ ಎಂದರೆ ರೂಢಿ. ಅದು ಕೂತ ಮೇಲೆ ಊಟದ ಪೂರ್ತಿ ತಾಸು. ಅದಾದ ಮೇಲೆ ಕೂಡಿದ ತಾಸಿಗೆ ಕಾಂಪ್-ಆಫ್, ಅಂದರೆ ದುಡ್ಡಿನ ಬದಲು ಸೂಟಿ. ಕೇಳುವಾಗ ಅಂಕಿ ಇರಲಿ, ದೂರು ಬೇಡ:

"ಸರ್, ಈ ತಿಂಗಳ ಇಪ್ಪತ್ತೆಂಟು ತಾಸು ಹೆಚ್ಚ ಆಗ್ಯಾವ್ರಿ, ತಾರೀಖು ಬರದೇನಿ. ದೀಪಾವಳಿ ಮುಂದ ಮೂರ ದಿನ ಸೂಟಿ ಕೊಡ್ರಿ, ಇಲ್ಲಾಂದ್ರ ಪಗಾರದಾಗ ಓಟಿ ಹಚ್ರಿ."

ಬಾಯಲ್ಲಿ ಒಪ್ಪಿದರೆ ಅದೇ ಸಂಜೆ "ನೀವು ಹೇಳಿದಂಗ 17, 18, 19 ಸೂಟಿ ತಗೋತೀನ್ರಿ" ಎಂದು ತಾರೀಖು ಹಾಕಿ ವಾಟ್ಸ್ಯಾಪ್ ಕಳಿಸಿ. "ಓಕೆ" ಎಂದು ಮರುತ್ತರ ಬಂದರೆ ಅದೇ ದಾಖಲೆ. ಬಾಯಿಮಾತಿನ ಕಾಂಪ್-ಆಫ್ ಮಾರ್ಚ್ ಬಂದಾಗ ಯಾರಿಗೂ ನೆನಪಿರುವುದಿಲ್ಲ.

ಪಗಾರ ಹೆಚ್ಚಳದ ಮಾತು ಬಂದಾಗ ಮಾತ್ರ ತಾಸಿನ ದರ ಮುಂದಿಡಿ. ಕೆಲಸ ಇಷ್ಟೇ ಇರಬೇಕು, ದರ ಮಾತ್ರ ಪತ್ರದಲ್ಲಿ ಬರೆದ 124 ಆಗಬೇಕು ಎಂದರೆ ಕೈಪಗಾರ 29,300ರ ಹತ್ತಿರ ಬರಬೇಕು, ಅಂದರೆ ಸುಮಾರು 5,500 ಹೆಚ್ಚು. ಅಷ್ಟು ಸಿಗಲಿಕ್ಕಿಲ್ಲ, ಆದರೆ 1,500 ಕೊಟ್ಟು ಭಾನುವಾರವೂ ಬನ್ನಿ ಎನ್ನುವ ಮಾತಿಗೆ ಇದು ತಕ್ಕ ಉತ್ತರ.

ಮಾತಿನಿಂದ ಆಗದಿದ್ದರೆ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿಗೆ, ಅಥವಾ ನಿಮ್ಮ ವ್ಯಾಪ್ತಿಯ ಕಾರ್ಮಿಕ ನಿರೀಕ್ಷಕರಿಗೆ ಬರಹದಲ್ಲಿ ದೂರು ಕೊಡಬಹುದು. ಸ್ವೀಕೃತಿಯ ಸೀಲು ಹಾಕಿಸಿಕೊಂಡ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಪಿಎಫ್ ಕಟಾವಾಗಿಯೂ ಖಾತೆಗೆ ಬಿದ್ದಿಲ್ಲ ಎಂದಾದರೆ ದಾರಿ ಬೇರೆ, ಭವಿಷ್ಯನಿಧಿ ಕಚೇರಿಯದು. ಹುಬ್ಬಳ್ಳಿಯಲ್ಲಿ ಅದು ನವನಗರದಲ್ಲಿದೆ. ಕಂಪನಿ ಪ್ರತಿ ತಿಂಗಳ ದುಡ್ಡನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು, ಉಮಂಗ್ ಆ್ಯಪ್‌ನ ಪಾಸ್‌ಬುಕ್ಕಿನಲ್ಲಿ ಅದು ಕಾಣುತ್ತದೆ. ಪಗಾರ ಚೀಟಿಯ ಅಂಕಿ, ಪಾಸ್‌ಬುಕ್ಕಿನ ಅಂಕಿ ಎರಡನ್ನೂ ಮೂರು ತಿಂಗಳಿಗೊಮ್ಮೆ ತಾಳೆ ನೋಡಿ.

ನೋಟ್‌ಬುಕ್ಕನ್ನು ಆಫೀಸಿನ ಡ್ರಾವರಿನಲ್ಲಿ ಇಡಬೇಡಿ. ಆಫೀಸಿನ ಕಂಪ್ಯೂಟರಿನಲ್ಲಿ, ಆಫೀಸಿನ ಇಮೇಲಿನಲ್ಲಿ ಕೂಡ ಬೇಡ. ರಾಜೀನಾಮೆ ಕೊಟ್ಟ ದಿನ ಸಂಜೆಯೇ ಅವೆರಡೂ ಮುಚ್ಚುತ್ತವೆ. ವಾರಕ್ಕೊಮ್ಮೆ ಪುಟದ ಫೋಟೋ ತೆಗೆದು ಸ್ವಂತ ಮೊಬೈಲಿನಲ್ಲಿಡಿ, ಪಗಾರ ಚೀಟಿಗಳನ್ನು ಬಂದ ತಿಂಗಳೇ ಸ್ವಂತ ಇಮೇಲಿಗೆ ಕಳಿಸಿಕೊಳ್ಳಿ. ಏಪ್ರಿಲ್‌ನಲ್ಲಿ ಇನ್‌ಕ್ರಿಮೆಂಟ್ ಬಂದಾಗ, ಹುದ್ದೆಯ ಹೆಸರು ಬದಲಾದಾಗ, ಆಫೀಸು ಗೋಕುಲ ರೋಡಿನಿಂದ ತಾರಿಹಾಳಕ್ಕೆ ಹೋದಾಗ, ಜೊತೆಗಿದ್ದವರೊಬ್ಬರು ಬಿಟ್ಟು ಅವರ ಕೆಲಸ ನಿಮ್ಮ ಮೇಜಿಗೆ ಬಂದಾಗ, ಇನ್ನೊಂದು ನಾಲ್ಕು ವಾರ ಬರೆದು ಹೊಸದಾಗಿ ಭಾಗಿಸಿ.